ಹೊಂಗೆ ಮರಕ್ಕೆ ಕಟ್ಟಿದ ವಿಮಾನ

ಹೋದ ತಿಂಗಳು ಅವರನ್ನು ಮಣ್ಣು ಮಾಡಿದರು. ಅವರ ಕಡೆಯ ಪದ್ಧತಿಯಂತೆ ಕೂರಿಸಿ, ಮೈಗೆಲ್ಲ ವಿಭೂತಿ ಬಳಿದು, ಬಿದಿರಿನ ವಿಮಾನ ಕಟ್ಟಿ, ಚೆಂಡುಹೂವು ಸುತ್ತಿ ಹೊತ್ತುಕೊಂಡು ಹೋದರು. ತಲೆ ವಾಲಬಾರದು ಅಂತ ಹಣೆಗೊಂದು ಬಟ್ಟೆ ಸುತ್ತಿ ಹಿಂದಿನ ಕೋಲಿಗೆ ಬಿಗಿದಿದ್ದರು. ಗುಂಪಿನಲ್ಲಿ ಯಾರೋ ಒಬ್ಬ, "ಅಂತೂ ಇಂತೂ ವಿಮಾನ ಹತ್ತಿದ್ರಪ್ಪ" ಅಂದ. ಪಕ್ಕದಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ, ಕೋಪವೂ ಬರಲಿಲ್ಲ. ಸಾವಿನ ಮನೆ ಮುಂದೆ ನಿಂತವರು ಏನಾದರೂ ಅನ್ನಲೇಬೇಕು, ಅಂದರು.

ಆಮೇಲೆ ಶಿವಗಣಾರಾಧನೆಯ ದಿನ ಊಟದ ಪಂಕ್ತಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಹುಚ್ಚು ಅಂದವರಿದ್ದರು, ಮಹಾ ಬುದ್ಧಿವಂತ ಅಂದವರಿದ್ದರು. ಎರಡೂ ಸುಳ್ಳು. ಆ ಮನುಷ್ಯ ನನ್ನ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ನಾನು ಕಂಡದ್ದನ್ನು ನಾನು ಬರೆಯುತ್ತೇನೆ. ನಾನು ಓದಿರೋದು ಮೂರನೇ ಕ್ಲಾಸು, ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ. ಅವರ ಹೆಸರು ಬರೆಯಲ್ಲ. ಅವರ ಹೆಂಡತಿ ಬೇಡ ಅಂದಿದ್ದಾರೆ.

ನಮ್ಮದು ಒಂಟಿಕೊಪ್ಪಲಿನಲ್ಲಿ ಹಾಲಿನ ವ್ಯಾಪಾರ. ಗಂಡ ಹೋದ ಮೇಲೂ ನಡೆಸಿದೆ. ಪ್ಯಾಕೆಟ್ ಹಾಲು ಬಂತು, ಬೀದಿ ತುಂಬ ಸ್ಕೂಟರು ಬಂದವು, ಹಸು ಮೇಯೋಕೆ ಜಾಗ ಇಲ್ಲದ ಹಾಗಾಯಿತು. ಒಂದನ್ನು ಇಟ್ಟುಕೊಂಡು ಉಳಿದವನ್ನು ಮಾರಿದೆ. ಉದ್ದನೆ ಕೊಟ್ಟಿಗೆ ಖಾಲಿ ಬಿತ್ತು. ಮುಂದೆ ಅಂಗಳ, ಅಂಗಳದಲ್ಲಿ ಹೊಂಗೆ ಮರ, ಅದರಾಚೆ ಕಾಂಪೌಂಡ್ ಗೋಡೆ, ಗೋಡೆ ಆಚೆ ರಸ್ತೆ. ತೊಂಬತ್ತರ ಆಚೀಚೆ ಯಾವುದೋ ವರ್ಷ, ಮಳೆಗಾಲ ಮುಗಿದಿತ್ತು, ಆಯಪ್ಪ ಬಂದು ಕೊಟ್ಟಿಗೆಯನ್ನು ಹೆಜ್ಜೆ ಹಾಕಿ ಅಳೆದರು. ಆಮೇಲೆ ಅಂಗಳವನ್ನೂ ಮರದಿಂದ ಗೋಡೆವರೆಗೆ ಅಳೆದರು.

"ಏನು ಇಡ್ತೀರಿ ಯಜಮಾನ್ರೇ?" ಅಂದೆ.

"ವಿಮಾನ."

"ದಸರಾ ಮೆರವಣಿಗೆಗೆ ಕಟ್ತಾರಲ್ಲ, ಅಂಥದ್ದಾ?"

"ಅಲ್ಲಕ್ಕ. ಹಾರೋದು."

"ಸಗಣಿ ವಾಸನೆ ಇರ್ತದೆ, ಆಮೇಲೆ ಮೂಗು ಮುರೀಬೇಡಿ."

"ಇರಲಿ ಬಿಡಿ. ನಿಮ್ಮ ಸಗಣಿ ವಾಸನೆ ನಾನು ಸಹಿಸ್ಕೋತೀನಿ, ನನ್ನ ಪೆಟ್ರೋಲ್ ವಾಸನೆ ನೀವು ಸಹಿಸ್ಕೊಳ್ಳಿ."

ಅಷ್ಟೇ ಕರಾರು. ಮಾತು ಕಮ್ಮಿ ಇದ್ದ ಜನ ನನಗೆ ಹಿಡಿಸುತ್ತಾರೆ, ಕೊಟ್ಟುಬಿಟ್ಟೆ.

ಅವರು ಮೊದಲು ಮಿಲಿಟರಿಯಲ್ಲಿದ್ದವರು. ವಿಮಾನದ ಇಂಜಿನ್ ಬಿಚ್ಚಿ ಕಟ್ಟುವ ಕೆಲಸ. ನೆಲದ ಮೇಲಿನ ಕೆಲಸ. ಇವರು ಸರಿ ಮಾಡಿ ಕೊಡೋದು, ಇನ್ಯಾರೋ ಹತ್ತಿ ಹಾರೋದು. ಬಿಟ್ಟು ಬಂದ ಮೇಲೆ ಮೈಸೂರಿನಲ್ಲಿ ಲಾರಿ ನಿಲ್ಲುವ ಕಡೆ ನಾಜಲ್ ಅಂಗಡಿ ಇಟ್ಟಿದ್ದರು. ಲಾರಿ, ಬಸ್ಸು, ಟ್ರ್ಯಾಕ್ಟರಿನ ಡೀಸೆಲ್ ಪಂಪು ಬಿಚ್ಚಿ, ಇಂಜಿನ್ನಿಗೆ ಎಣ್ಣೆ ಚಿಮ್ಮಿಸುವ ನಾಜಲ್ ಸರಿ ಮಾಡೋದು. ಅವರ ಕೈ ಬಿದ್ದ ಬಸ್ಸು ಬೆಟ್ಟ ಹತ್ತುವಾಗಲೂ ಕರಿಹೊಗೆ ಬಿಡುತ್ತಿರಲಿಲ್ಲ ಅಂತ ಡ್ರೈವರುಗಳು ಹೇಳೋರು. ರಸ್ತೆಯಲ್ಲಿ ಯಾವುದಾದರೂ ಲಾರಿ ಹೊಗೆ ಬಿಟ್ಟುಕೊಂಡು ಹೋದರೆ ಆಯಪ್ಪ ನಿಂತು ಮುಖ ಸಿಂಡರಿಸಿ ನೋಡುತ್ತಿದ್ದರು, ಯಾರೋ ತಟ್ಟೆಗೆ ಉಗುಳಿದ್ದನ್ನು ನೋಡಿದ ಹಾಗೆ.

"ಹೊಗೆ ಅಂದ್ರೆ ಏನು ಗೊತ್ತಾ ಅಕ್ಕ? ಎಲೇಲಿ ಬಿಟ್ಟು ಎದ್ದ ಅನ್ನ" ಅನ್ನೋರು.

ಇದು ಅವರ ಬಾಯಿಮಾತಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಜನ, ತಟ್ಟೆಯಲ್ಲಿ ಬಿದ್ದದ್ದು ಪ್ರಸಾದ ಅವರಿಗೆ. ಊಟ ಆದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಲ್ಲಿ ಸುತ್ತ ತೊಳೆದು, ಆ ನೀರನ್ನೂ ಕುಡಿದುಬಿಡೋರು. ಮೊದಲ ಸಲ ನನ್ನ ಜಗಲಿ ಮೇಲೆ ಕೂತು ಹಾಗೆ ಮಾಡಿದಾಗ ನನಗೆ ಹೇಸಿಗೆಯಾಯಿತು. "ತೊಳೆಯೋಕೆ ನನಗೇನೂ ಉಳಿಸಲ್ವಲ್ಲ ನೀವು" ಅಂದೆ. "ನಿಮಗೆ ಕೆಲಸ ಕಮ್ಮಿ ಆಯ್ತಲ್ಲ" ಅಂದರು. ಆಮೇಲೆ ಅಭ್ಯಾಸವಾಯಿತು. ಈ ತಟ್ಟೆಯ ಮಾತನ್ನು ಸುಮ್ಮನೆ ಬರೆಯುತ್ತಿಲ್ಲ. ಅವರ ಇಂಜಿನ್ ಕೆಟ್ಟದ್ದು ಇದರಿಂದಲೇ.

ಅವರ ಆಸೆ ದೊಡ್ಡದೇನಲ್ಲ. ತಾವೇ ಕಟ್ಟಿದ್ದರಲ್ಲಿ, ತಾವೊಬ್ಬರೇ ಕೂತು, ಒಂದು ಸುತ್ತು. ಮಂಡಕಳ್ಳಿಯಲ್ಲಿ ಆಗ ವಿಮಾನ ಇಳಿಯುವ ಹಳೇ ಬಯಲು ಹುಲ್ಲು ಬೆಳೆದು ಬಿದ್ದಿತ್ತು. ಅಲ್ಲಿಂದ ಎದ್ದು, ಚಾಮುಂಡಿ ಬೆಟ್ಟದ ಮಗ್ಗುಲಲ್ಲಿ ತಿರುಗಿ, ಮತ್ತೆ ಅಲ್ಲೇ ಇಳಿಯೋದು. ಬೆಂಗಳೂರಿಗೆ ಹೋಗಿ ದುಡ್ಡು ಕೊಟ್ಟು ಹಾರಿಸೋದನ್ನು ಕಲಿತೂ ಬಂದಿದ್ದರು. ಕಲಿಸುವವನು ಪಕ್ಕದಲ್ಲಿ ಕೂತಿರುತ್ತಿದ್ದ. ಒಬ್ಬರೇ ಹಾರೋಕೆ ಡಾಕ್ಟರ ಚೀಟಿ ಬೇಕು, ಡಾಕ್ಟರು ಕೊಡಲಿಲ್ಲ. ಸಕ್ಕರೆ ಕಾಯಿಲೆ. ಕಣ್ಣಿನ ಹಿಂದೆ ರಕ್ತ ಜಿನುಗುತ್ತಿದೆ, ಇವತ್ತಲ್ಲ ನಾಳೆ ಹೋಗುತ್ತೆ ಅಂದರಂತೆ.

"ಹೋಗೋದು ಹೋಗಲಿ. ಅದು ಹೋಗೋಕೆ ಮುಂಚೆ ನಾನು ಒಂದು ಸುತ್ತು ಹೋಗಿ ಬಂದುಬುಡ್ತೀನಿ" ಅಂದರು.

"ಬಿದ್ರೆ?"

"ಬಿದ್ರೆ ಬಿದ್ದೆ."

"ಹೆಂಡ್ತಿ?"

ಅವರು ಅರ ಎತ್ತಿಕೊಂಡು ಮರದ ಪಟ್ಟಿ ಉಜ್ಜೋಕೆ ಶುರು ಮಾಡಿದರು.

ಹೆಂಡತಿ ಹೊಲಿಗೆ ಕಲಿಸುವ ಟೀಚರು. ಮಕ್ಕಳಿಲ್ಲ. ಗಂಡನ ಕೆಲಸಕ್ಕೆ ಅಡ್ಡ ಬಂದವರೂ ಅಲ್ಲ, ಹೊಗಳಿದವರೂ ಅಲ್ಲ. ರೆಕ್ಕೆಗೆ ಮರದ ಪಟ್ಟಿಯ ಗೂಡು ಕಟ್ಟಿ, ಅದರ ಮೇಲೆ ಬಟ್ಟೆ ಎಳೆದು ಹೊಲಿದು, ಎಂಥದೋ ನಾತದ ಬಣ್ಣ ಬಳಿದರೆ ಬಟ್ಟೆ ತಮಟೆ ಥರ ಬಿಗಿಯುತ್ತೆ. ಆ ಬಟ್ಟೆ ಪೂರ್ತಿ ಹೊಲಿದದ್ದು ಈಯಮ್ಮ. ಕೊಟ್ಟಿಗೆಯಲ್ಲಿ ಚಾಪೆ ಹಾಸಿ ಕೂತು ದಬ್ಬಳ ಹಿಡಿದು ಗೊಣಗೋರು: "ನನ್ನ ರವಿಕೆ ಹೊಲ್ಕೊಳೋಕೆ ಟೈಮಿಲ್ಲ, ಇವರ ಹದ್ದಿಗೆ ಅಂಗಿ ಹೊಲೀತಾ ಇದೀನಿ."

"ಹೊಲಿಗೆ ಒತ್ತೊತ್ತಾಗಿ ಹಾಕೇ, ಗಾಳಿ ಕೀಳುತ್ತೆ" ಅಂತ ಇವರು.

"ಕಿತ್ರೆ ಕೆಳಗೆ ಬರ್ತೀರಲ್ಲ, ಆಗ ಬೈಯಿರಂತೆ."

ನನಗೆ ನಗು ಬಂದುಬಿಡೋದು. ಅವರಿಬ್ಬರೂ ನಗುತ್ತಿರಲಿಲ್ಲ.

ಇಂಜಿನ್ ಬಂದದ್ದು ವರ್ಷಗಳು ಕಳೆದ ಮೇಲೆ, ಬೊಂಬಾಯಿಯ ಗುಜರಿಯಿಂದ. ಜಪಾನಿನ ಯಾವುದೋ ರೇಸಿನಲ್ಲಿ ಓಡುವ ಕಾರಿನದ್ದು. ಲಾರಿಯಿಂದ ಇಳಿಸಿದಾಗ ನಾನು ನೋಡಿ, "ಇಷ್ಟೇನಾ?" ಅಂದೆ. ಹಾಲಿನ ಕ್ಯಾನಿಗಿಂತ ಸ್ವಲ್ಪ ದೊಡ್ಡದು. ಅದರಲ್ಲಿ ಮೇಲೆ ಕೆಳಗೆ ಬಡಿಯುವ ಪಿಸ್ಟನ್ ಇಲ್ಲ. ಬಿಚ್ಚಿ ತೋರಿಸಿದರು. ಕಡಲೆಕಾಯಿ ಸಿಪ್ಪೆ ಇರುತ್ತಲ್ಲ, ನಡುವೆ ಸ್ವಲ್ಪ ಒಳಕ್ಕೆ ಒತ್ತಿದ ಹಾಗೆ, ಆ ಆಕಾರದ ಗೂಡು. ಒಳಗೆ ಮೂರು ಮೂಲೆಯ ಉಬ್ಬಿದ ಕಬ್ಬಿಣದ ಗಟ್ಟಿ ಗಿರಗಿರ ಸುತ್ತುತ್ತೆ. ಅಂಥ ಗೂಡು ಎರಡು. ಒಂದೊಂದು ಮೂಲೆಗೂ ತೆಳ್ಳಗೆ ಒಂದು ಪಟ್ಟಿ, ಗೋಡೆಗೆ ಸವರಿಕೊಂಡು ಗಾಳಿ ಸೋರದ ಹಾಗೆ ಹಿಡಿಯೋಕೆ. "ಇಡೀ ಇಂಜಿನ್ನಿನ ಜೀವ ಈ ಪಟ್ಟೀಲಿದೆ ಅಕ್ಕ. ಇದು ಕಾದು ಮುರೀತು ಅಂದ್ರೆ ಮುಗೀತು" ಅಂದರು. ಅದನ್ನು ಅವರೇ ಹೇಳಿದ್ದು. ನೆನಪಿಟ್ಟುಕೊಳ್ಳಿ.

ಗುಜರಿಯವರು ಇಂಜಿನ್ ಕೊಟ್ಟರೇ ಹೊರತು ಅದಕ್ಕೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕೊಡಲಿಲ್ಲ, ಕಿತ್ತುಕೊಂಡಿದ್ದರು. ಅದನ್ನು ಇವರೇ ಹುಡುಕಿ ಹಾಕಬೇಕು. ಅಲ್ಲಿಂದ ಶುರುವಾಯಿತು ಗೋಳು.

ಎರಡು ಜೊತೆ ತಂದರು, ಒಂದೊಂದರಲ್ಲಿ ನಾಲ್ಕು. ಒಂದು ಸಣ್ಣ ಕಾರಿನದ್ದು. ಆಗ ತಾನೇ ಮೈಸೂರಿಗೆ ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ ಕಾರುಗಳು ಬರುತ್ತಿದ್ದವು. ಇನ್ನೊಂದು ದೊಡ್ಡ ವಿದೇಶಿ ಕಾರಿನದ್ದು. ಹೆಬ್ಬೆರಳಿನಷ್ಟು ಸಾಮಾನು, ಕರೆಂಟು ತಾಗಿಸಿದರೆ ಬಾಯಿ ತೆರೆಯುತ್ತೆ, ತೆಗೆದರೆ ಮುಚ್ಚುತ್ತೆ. ಕೊಟ್ಟಿಗೆಯ ಗೋದಲಿ ಮೇಲೆ ಹಲಗೆ ಇಟ್ಟು, ನಾಲ್ಕು ಇಂಜೆಕ್ಟರನ್ನು ಸಾಲಾಗಿ ಸಿಕ್ಕಿಸಿ, ಕೆಳಗೆ ನಾಲ್ಕು ಗಾಜಿನ ಬಾಟ್ಲಿ ಇಡೋರು. ಹಲ್ಲಿ ಲೊಚಗುಟ್ಟಿದ ಹಾಗೆ ಟಿಕ್ ಟಿಕ್ ಟಿಕ್ ಅಂತ ಸದ್ದು. ನಾಲ್ಕು ಬಾಟ್ಲಿಯಲ್ಲೂ ಪೆಟ್ರೋಲ್ ಒಂದೇ ಮಟ್ಟಕ್ಕೆ ಬರಬೇಕು. ಬರುತ್ತಿರಲಿಲ್ಲ. ತೊಳೆಯೋದು, ಬದಲಾಯಿಸೋದು, ಮತ್ತೆ ಟಿಕ್ ಟಿಕ್.

ನಾನು ಒಂದು ದಿನ ತಡೆಯಲಾರದೆ ಅಂದೆ: "ಒಂದೇ ಕೆಚ್ಚಲಲ್ಲಿ ನಾಲ್ಕು ಮೊಲೆ ಇರ್ತವೆ. ಒಂದೇ ಸಮ ಹಾಲು ಕೊಟ್ಟಿದ್ದು ನಾನು ಕಂಡಿಲ್ಲ. ಕರೆಯೋದು ಬುಟ್ಟಿದ್ದೀನಾ?"

"ನಿಮ್ಮ ಹಸು ಹಾರಲ್ಲ ಕಣಕ್ಕ."

"ನಿಮ್ಮದೂ ಹಾರ್ತಾ ಇಲ್ಲ."

ಆವತ್ತು ಒಂದೇ ಒಂದು ಸಲ ಅವರು ಜೋರಾಗಿ ನಕ್ಕದ್ದು ನೆನಪಿದೆ.

ಕೊನೆಗೆ ಎರಡು ಜೊತೆಯೂ ಸಮ ಬಂದವು. ಈಗ ಯಾವುದನ್ನು ಹಾಕೋದು? ಸಣ್ಣದನ್ನು ಹಾಕಿದರೆ ಇಂಜಿನ್ ನಿಧಾನಕ್ಕೆ ಓಡುವಾಗ ಬೆಕ್ಕು ಗುರುಗುಟ್ಟಿದ ಹಾಗೆ ಚಂದವಾಗಿ ಓಡೋದು, ಹೊಗೆಯೇ ಇಲ್ಲ. ದೊಡ್ಡದನ್ನು ಹಾಕಿದರೆ ನಿಧಾನದಲ್ಲಿ ಕೆಮ್ಮೋದು, ಎಗರೋದು, ಕಪ್ಪು ಕಾರೋದು. ದೊಡ್ಡ ಬಾಯಿಗೆ ಸಣ್ಣ ಗುಟುಕು ಕುಡಿಯೋಕೆ ಬರಲ್ಲವಂತೆ. ಆದರೆ ಪೂರ್ತಿ ಜೋರಿನಲ್ಲಿ ಏಳುವಾಗ ದೊಡ್ಡದೇ ಬೇಕು ಅಂತಾನೂ ಇತ್ತು. ಎರಡು ಜಾತಿಯನ್ನೂ ಸೇರಿಸಿ ಹಾಕೋದುಂಟಂತೆ, ಅದಕ್ಕೆ ಬೇರೆ ಕರೆಂಟಿನ ಪೆಟ್ಟಿಗೆ ಬೇಕಂತೆ, ಅದು ಇವರಿಗೆ ಸಿಗಲಿಲ್ಲ. ಒಂದನ್ನು ಆರಿಸಬೇಕು.

ಮಿಲಿಟರಿಯಲ್ಲಿ ಜೊತೆಗಿದ್ದ ಸ್ನೇಹಿತರೊಬ್ಬರು ಬೆಂಗಳೂರಿನಿಂದ ಬಂದಿದ್ದರು, ದಪ್ಪ ಮೀಸೆ, ದಪ್ಪ ಗಂಟಲು. ಇಂಜಿನ್ ಸುತ್ತ ಒಂದು ಸಲ ಸುತ್ತಿ ಬಂದು, "ದೊಡ್ಡದು ಹಾಕಯ್ಯ. ಯೋಚನೆ ಏನು?" ಅಂದರು.

"ಅರ್ಧ ಪೆಟ್ರೋಲ್ ಉರಿಯದೇ ಹೋಗುತ್ತಲ್ಲಯ್ಯ. ಸುಮ್ಮನೆ ಚೆಲ್ಲೋದಾ?"

"ಚೆಲ್ಲಬೇಕು. ಪೆಟ್ರೋಲ್ ಇದಕ್ಕೆ ಊಟ ಮಾತ್ರ ಅಲ್ಲ, ತಣ್ಣೀರು ಸ್ನಾನವೂ ಅದೇ. ಉರಿಯದೇ ಹೋಗೋದು ಒಳಗಡೆ ತಂಪು ಮಾಡ್ಕೊಂಡು ಹೋಗುತ್ತೆ. ನಿನ್ನ ಡೀಸೆಲ್ ಬುದ್ಧಿ ಇಲ್ಲಿ ನಡೆಯಲ್ಲ. ಡೀಸೆಲ್ ಕಮ್ಮಿ ಮಾಡಿದ್ರೆ ಇಂಜಿನ್ ತಣ್ಣಗಾಗುತ್ತೆ. ಪೆಟ್ರೋಲ್ ಕಮ್ಮಿ ಮಾಡಿದ್ರೆ ಸುಟ್ಟುಹೋಗುತ್ತೆ."

"ಗೊತ್ತು" ಅಂದರು ಇವರು.

"ಗೊತ್ತಿದ್ರೆ ಹಾಕು."

ಗೊತ್ತೇನೋ ಇತ್ತು. ಪುಸ್ತಕದಲ್ಲೂ ಓದಿದ್ದರು. ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಆಯಸ್ಸಿನ ಅರ್ಧ ಹೊಗೆ ನಿಲ್ಲಿಸುವುದರಲ್ಲೇ ಕಳೆದ ಕೈ ಅದು. ತಟ್ಟೆ ತೊಳೆದು ಕುಡಿಯುವ ಮನುಷ್ಯನಿಗೆ, ಅರ್ಧ ಊಟ ಚೆಲ್ಲು, ಆಗಲೇ ಮನೆ ಉಳಿಯೋದು ಅಂದರೆ ಹೇಗೆ ಒಪ್ಪುತ್ತೆ? ಆ ಸ್ನೇಹಿತರು ಹೋದ ಮೇಲೂ ತಿಂಗಳುಗಟ್ಟಲೆ ಒಂದು ಜೊತೆ ಬಿಚ್ಚೋದು, ಇನ್ನೊಂದು ಹಾಕೋದು. ಕಣ್ಣು ಅತ್ತ ಮಂಜಾಗುತ್ತಿತ್ತು. "ಎರಡರಲ್ಲಿ ಒಂದು ಹಾಕಿ ಎದ್ದೋಗ್ರಿ ಅತ್ಲಾಗೆ. ಹೆಣ್ಣು ನೋಡೋಕೆ ಬಂದೋರೂ ಇಷ್ಟು ಆಡಲ್ಲ" ಅಂದೆ ನಾನು.

ಸಣ್ಣದನ್ನೇ ಹಾಕಿದರು.

ಪೂರ್ತಿ ಜೋರಿನಲ್ಲಿ ಓಡಿಸಿ ನೋಡಬೇಕಾದರೆ ವಿಮಾನವನ್ನು ಕಟ್ಟಿಹಾಕಬೇಕು, ಇಲ್ಲದಿದ್ದರೆ ಓಡಿಹೋಗುತ್ತೆ. ರೆಕ್ಕೆ ಬಿಚ್ಚಿ ಕೊಟ್ಟಿಗೆಯಲ್ಲಿ ಒರಗಿಸಿ, ಬರೀ ಮೈಯನ್ನು ಅಂಗಳಕ್ಕೆ ತಳ್ಳಿದರು. ಮೂತಿ ಗೋಡೆ ಕಡೆಗೆ, ಬಾಲ ಹೊಂಗೆ ಮರಕ್ಕೆ. ಹಗ್ಗ ಕಟ್ಟಿದ್ದು ನಾನು. ಹಸು ಕಟ್ಟುವ ಗಂಟೇ ಹಾಕಿದೆ. ಹಸು ಎಷ್ಟು ಜಗ್ಗಿದರೂ ಅದು ಬಿಚ್ಚಲ್ಲ. ಕೊಟ್ಟಿಗೆಗೆ ಬೆಂಕಿ ಗಿಂಕಿ ಬಿದ್ದರೆ ತುದಿ ಹಿಡಿದು ಒಂದು ಸಲ ಎಳೆದರೆ ಕಳಚಿಕೊಳ್ಳುತ್ತೆ. ಅವರು ಜಗ್ಗಿ ನೋಡಿ, "ಇದು ಚೆನ್ನಾಗಿದೆ" ಅಂದರು.

ಸದ್ದಿನಲ್ಲಿ ಮಾತು ಕೇಳಿಸಲ್ಲ ಅಂತ ನನಗೂ ಹೆಂಡತಿಗೂ ಸನ್ನೆ ಹೇಳಿಕೊಟ್ಟರು. ಹೆಬ್ಬೆರಳು ಮೇಲೆತ್ತಿದರೆ ಎಲ್ಲಾ ಸರಿ. ಅಂಗೈಯನ್ನು ಕತ್ತಿನ ಮೇಲೆ ಎಳೆದರೆ ನಿಲ್ಲಿಸುತ್ತಿದ್ದೇನೆ, ದೂರ ಇರಿ. ಎರಡು ಮುಷ್ಟಿಯನ್ನೂ ತಲೆ ಮೇಲೆ ಎತ್ತಿ, ಹೆಬ್ಬೆರಳು ಹೊರಕ್ಕೆ ಮಾಡಿ ಅತ್ತ ಇತ್ತ ದೂಡಿದರೆ, ಹಗ್ಗ ಬಿಚ್ಚಿ. "ಈ ಕೊನೇದು ಇಲ್ಲಿ ಬೇಕಾಗಲ್ಲ. ಮಂಡಕಳ್ಳಿಗೆ" ಅಂದರು. ಹೇಳುವಾಗ ಮುಖ ಸ್ವಲ್ಪ ಅರಳಿತ್ತು.

ಹತ್ತಿ ಕೂತು ಇಂಜಿನ್ ಶುರು ಮಾಡಿ ಪೂರ್ತಿ ಜೋರು ಮಾಡಿದರು. ಹೊಂಗೆ ಎಲೆ ಎಲ್ಲ ಹಾರಿದವು, ಹಗ್ಗ ಬಿಗಿದು ತಂತಿಯಾಯಿತು. ಒಂದು ಚೂರು ಹೊಗೆ ಇಲ್ಲ. ಅವರು ಹಿಂದಕ್ಕೆ ತಿರುಗಿ ಹೊಗೆ ಕೊಳವೆ ನೋಡಿ ಹೆಬ್ಬೆರಳು ಎತ್ತಿದರು. ಸ್ವಲ್ಪ ಹೊತ್ತು ಹಾಗೇ ಹಾಡಿತು. ಆಮೇಲೆ ಒಳಗೆ ಕಡಲೆ ಹುರಿದ ಹಾಗೆ ಪಟಪಟ. ಸದ್ದು ಕುಗ್ಗಿತು. ಏನೋ ಮುರಿದು ಒಳಗೇ ಕೆರೆದುಕೊಂಡು ಸುತ್ತಿ ನಿಂತಿತು.

ಇಳಿದು ಬಂದು ಇಂಜಿನ್ ಮೇಲೆ ಕೈ ಇಟ್ಟು, ಸುಟ್ಟಿತೇನೋ, ತೆಗೆದರು. "ಪಟ್ಟಿ ಹೋಯ್ತು" ಅಂದರು. ಹೆಂಡತಿ, "ಬನ್ನಿ, ಉಪ್ಪಿಟ್ಟು ಆರೋಗ್ತದೆ" ಅಂದರು. ಹೋಗಿ ಕೂತು ತಿಂದರು. ತಟ್ಟೆ ತೊಳೆದು ಆ ನೀರನ್ನೂ ಕುಡಿದರು.

ಬಿಚ್ಚಿ ನೋಡಿದರೆ ಮೂಲೆಯ ಪಟ್ಟಿಗಳು ಚೂರಾಗಿ ಗೂಡಿನ ಗೋಡೆಯನ್ನೆಲ್ಲ ಗೀರಿಹಾಕಿದ್ದವು. ಆ ಸಾಮಾನು ಇಲ್ಲಿ ಯಾವ ಅಂಗಡಿಯಲ್ಲೂ ಸಿಗಲ್ಲ. ಹೇಳಿ ಕಳಿಸಿ, ತರಿಸಿ, ತಪ್ಪು ಬಂದು, ಮತ್ತೆ ತರಿಸಿ, ವರ್ಷ ಕಳೆದವು. ನಾಜಲ್ ಅಂಗಡಿ ಮುಚ್ಚಿದರು. ಅವರಿಗೆ ನಾಜಲಿನ ತೂತು ಕಾಣುತ್ತಿರಲಿಲ್ಲ, ಗಿರಾಕಿಗೆ ಹೇಳದೆ ಕುರುಡಾಗಿ ಕೆಲಸ ಮಾಡುವ ಮನುಷ್ಯ ಅಲ್ಲ. ದೊಡ್ಡಾಸ್ಪತ್ರೆಯಲ್ಲಿ ಕಣ್ಣಿಗೆ ಬೆಳಕು ಬಿಟ್ಟು ಸುಡಿಸಿಕೊಂಡು ಬಂದರು. ಒಂದು ಕಣ್ಣು ಪೂರ್ತಿ ಹೋಯಿತು. ಇನ್ನೊಂದರಲ್ಲಿ ಬೆಳಕಿದೆ, ನೆರಳಿದೆ, ಅಷ್ಟೇ.

ಆದರೂ ಬರೋರು. ಹೆಂಡತಿ ಕೈ ಹಿಡಿದುಕೊಂಡು ಬಂದು ಬಿಟ್ಟು ಸ್ಕೂಲಿಗೆ ಹೋಗೋರು. ಇಂಜಿನ್ನನ್ನು ತಡವಿ ತಡವಿ ಕಟ್ಟಿದರು. ಬೆರಳು ತುದಿಗೆ ಎಲ್ಲಾ ಗೊತ್ತಿತ್ತು. ಇಂಜೆಕ್ಟರ್ ಚಿಮ್ಮೋದನ್ನು ಮಾತ್ರ ತಡವಿ ನೋಡೋಕೆ ಆಗಲ್ಲ, ಕಣ್ಣೇ ಬೇಕು. ಅದಕ್ಕೆ ನನ್ನನ್ನು ಕೂಗೋರು. ಕಪ್ಪು ಬಟ್ಟೆ ನೇತುಹಾಕಿ ಅದರ ಮುಂದೆ ಚಿಮ್ಮಿಸೋರು.

"ಹೇಗೆ ಬರ್ತಿದೆ ಅಕ್ಕ? ಕೊಡೆ ಬಿಚ್ಚಿದ ಹಾಗಾ, ಧಾರೆ ಥರಾನಾ?"

"ಮೂರು ಕೊಡೆ. ಒಂದು ಉಚ್ಚೆ ಹುಯ್ದಂಗೆ."

"ಯಾವುದು?"

"ನಿಮ್ಮ ಎಡಗೈ ಕಡೇದು."

"ಸರಿಯಾಗಿ ನೋಡಿ."

"ನಿಮ್ಮಂಗೆ ನನಗೇನು ಕಣ್ಣು ಹೋಗಿಲ್ಲ. ಉಚ್ಚೆ ಅಂದ್ರೆ ಉಚ್ಚೆ."

ಬೇರೆ ಯಾರೇ ಆಗಿದ್ದರೂ, ಪಾಪ, ಕುರುಡ, ಅಂತ ಎಲ್ಲಾ ಚೆನ್ನಾಗಿದೆ ಅಂತಿದ್ದರು. ಹೆಂಡತಿಯೇ ಹಾಗೆ ಅಂದು ಸಿಕ್ಕಿಹಾಕಿಕೊಂಡಿದ್ದರು ಒಂದು ಸಲ. ಅದಕ್ಕೇ ನನ್ನನ್ನು ಕರೆಯೋದು. ಈ ಸಲ ಅವರು ತೊಳೆದು, ಸರಿ ಮಾಡಿ, ಸಿಕ್ಕಿಸುತ್ತಿದ್ದದ್ದು ದೊಡ್ಡ ಜೊತೆ. ಮೀಸೆಯ ಸ್ನೇಹಿತರ ಮಾತನ್ನು ಒಪ್ಪಿಕೊಂಡಿದ್ದರೋ, ಇನ್ನು ಆರಿಸಿ ಏನಾಗಬೇಕು ಅಂತ ಹಾಕಿದರೋ, ನಾನು ಕೇಳಲಿಲ್ಲ. ಹಾರೋದು ಇನ್ನು ಇಲ್ಲ ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಮತ್ತೆ ಅಂಗಳಕ್ಕೆ ತಳ್ಳಿದೆವು, ನಾನು, ಅವರು, ಅವರ ಹೆಂಡತಿ. ರೆಕ್ಕೆ ಕೊಟ್ಟಿಗೆಯಲ್ಲೇ, ಇಲಿ ಬಟ್ಟೆಯನ್ನು ಅಲ್ಲಲ್ಲಿ ಕಡಿದಿತ್ತು. ಮೂತಿ ಗೋಡೆಗೆ, ಬಾಲ ಮರಕ್ಕೆ, ಅದೇ ಗಂಟು. ಗೋಡೆ ಆಚೆ ಸೊಪ್ಪಿನವಳು ಗಾಡಿ ನಿಲ್ಲಿಸಿಕೊಂಡು ಕೂಗುತ್ತಿದ್ದಳು. ಹೆಂಡತಿ ಜಗಲಿ ಮೇಲೆ ನಿಂತರು. ನಾನು ಮರದ ಹತ್ತಿರ ನಿಂತೆ. ಅವರು ಒಂದೊಂದಾಗಿ ತಡವಿಕೊಂಡು ಹತ್ತಿ ಕೂತರು. ಬೆನ್ನು ನೆಟ್ಟಗೆ.

ನಿಧಾನದಲ್ಲಿ ಎಗರಿತು, ಕೆಮ್ಮಿತು, ಕಪ್ಪು ಕಾರಿತು. ಆಮೇಲೆ ಜೋರು ಮಾಡುತ್ತಾ ಹೋದರು. ಕೆಮ್ಮು ನಿಂತಿತು. ನಾನು ಆ ಸದ್ದನ್ನು ಮೊದಲು ಕೇಳಿರಲಿಲ್ಲ. ಗಂಟಲಿನದ್ದಲ್ಲ, ಹೊಟ್ಟೆಯೊಳಗಿನ ಸದ್ದು. ಒಣಗಿದ ಸಗಣಿಪುಡಿ, ಎಲೆ, ಧೂಳು ಎಲ್ಲಾ ನನ್ನ ಮುಖಕ್ಕೆ ಬಂದು ಬಡಿಯಿತು, ಸೆರಗು ಮರಕ್ಕೆ ಸುತ್ತಿಕೊಂಡಿತು. ಬಾಲ ನೆಲ ಬಿಟ್ಟು ಎದ್ದಿತು. ಹಗ್ಗ ತೊಗಟೆಯೊಳಕ್ಕೆ ಇಳಿಯಿತು. ಕಡಲೆ ಹುರಿಯುವ ಸದ್ದು ಬರುತ್ತೆ ಅಂತ ಕಾದೆ. ಬರಲಿಲ್ಲ. ಓಡುತ್ತಲೇ ಇತ್ತು.

ಆಗ ಅವರು ಎರಡು ಕೈಯನ್ನೂ ತಲೆ ಮೇಲೆ ಎತ್ತಿದರು. ಮುಷ್ಟಿ. ಹೆಬ್ಬೆರಳು ಹೊರಕ್ಕೆ. ಅತ್ತ ಇತ್ತ ದೂಡಿದರು.

ನಾನು ನೋಡಿದೆ. ರೆಕ್ಕೆ ಇಲ್ಲ. ಮುಂದೆ ಗೋಡೆ. ಮರದಿಂದ ಗೋಡೆಗೆ ಎಷ್ಟು ಅಂತ ಮೊದಲ ದಿನವೇ ಅಳೆದ ಮನುಷ್ಯ.

ಮತ್ತೆ ಮಾಡಿದರು. ಈ ಸಲ ನಿಧಾನವಾಗಿ, ಮಂದಬುದ್ಧಿಯವರಿಗೆ ತೋರಿಸುವ ಹಾಗೆ.

ಗಂಟಿನ ತುದಿ ನನ್ನ ಕೈಗೆ ಎಟುಕುವಷ್ಟರಲ್ಲೇ ಇತ್ತು. ಎಳೆಯಲಿಲ್ಲ. ಕೈ ಕಟ್ಟಿಕೊಂಡು ನಿಂತೆ.

ಎತ್ತಿದ ಕೈ ಸುಮಾರು ಹೊತ್ತು ಹಾಗೇ ಇದ್ದವು. ಆಮೇಲೆ ಇಳಿದವು. ಅಂಗೈಯನ್ನು ಕತ್ತಿನ ಮೇಲೆ ಎಳೆದುಕೊಂಡರು. ಇಂಜಿನ್ ನಿಂತಿತು. ಸೊಪ್ಪಿನವಳು ಗೋಡೆ ಆಚೆಯಿಂದ ನಮ್ಮ ವಂಶವನ್ನೆಲ್ಲ ಬೈಯುತ್ತಿದ್ದದ್ದು ಆಗ ಕೇಳಿಸಿತು.

ಇಳಿದು ಬಂದು ಹೆಂಡತಿ ಕೈ ಹಿಡಿದುಕೊಂಡು ಮನೆಗೆ ಹೋದರು. ಅದಾದ ಮೇಲೆ ಕೊಟ್ಟಿಗೆಗೆ ಬರಲಿಲ್ಲ. ಇಂಜಿನ್ನನ್ನು ಕಾರಿನ ಹುಚ್ಚಿನವರೊಬ್ಬರು ಬಂದು ತೆಗೆದುಕೊಂಡು ಹೋದರು. ವಿಮಾನದ ಮೈಯನ್ನು ಗುಜರಿಯವನು ಗರಗಸದಲ್ಲಿ ಕೊಯ್ದು ತಳ್ಳುಗಾಡಿಯಲ್ಲಿ ಹಾಕಿಕೊಂಡ. ರೆಕ್ಕೆಯ ಮರ ನನ್ನ ನೀರಿನ ಒಲೆಗಾಯಿತು. ಬಣ್ಣ ಬಳಿದ ಬಟ್ಟೆ ಕೆಟ್ಟ ವಾಸನೆ ಬಿಟ್ಟುಕೊಂಡು ಉರಿಯಿತು. ಹಗ್ಗ ಗಟ್ಟಿಯಿತ್ತು, ಬಟ್ಟೆ ಒಣಗಿಸೋಕೆ ಕಟ್ಟಿಕೊಂಡಿದ್ದೇನೆ.

ಆಮೇಲೆ ಅವರು ಬದುಕಿದ್ದನ್ನು ಬದುಕು ಅಂತ ನಾನು ಅನ್ನಲ್ಲ. ಯಾದವಗಿರಿ ಕಡೆ ಒಂದು ಸಣ್ಣ ಮನೆ, ಅದರಲ್ಲಿ ಒಂದು ಕೋಣೆ, ಕಿಟಕಿ ಪಕ್ಕ ಮಂಚ. ಉಳಿದ ಬೆಳಕೂ ಹೋಯಿತು. ಕಾಲಿನ ಬೆರಳು ಕೊಳೆತು ತೆಗೆದರು, ಆಮೇಲೆ ಪಾದ ತೆಗೆದರು. ರಸ್ತೆಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿ, ಅದರ ನಾಜಲ್ ಸೋರ್ತಿದೆ, ಇದರ ಪಂಪು ಹೋಗಿದೆ ಅಂತ ತಮಗೆ ತಾವೇ ಅಂದುಕೊಳ್ಳೋರು. ಅದೂ ಕೊನೆ ಕೊನೆಗೆ ನಿಂತಿತು.

ಮಣ್ಣು ಮಾಡಿ ಬಂದ ದಿನ ಹೆಂಡತಿ ನನ್ನ ಪಕ್ಕ ಬಂದು ಕೂತರು. "ಅಕ್ಕ, ಅವತ್ತು ಅವರು ಕೈ ಎತ್ತಿದ್ದು ನಾನೂ ನೋಡಿದೆ" ಅಂದರು.

"ನೋಡಿದ್ರೆ ನೋಡಿದ್ರಿ."

"ನೀವು ಬಿಚ್ಚಿದ್ರೂ ನಾನೇನೂ ಅಂತಿರಲಿಲ್ಲ. ಇಷ್ಟು ವರ್ಷ ಇದನ್ನೆಲ್ಲ ಪಡೋದು ತಪ್ಪೋದು."

"ಅಂತಿದ್ರಿ, ಸುಮ್ಕಿರಮ್ಮ. ನನ್ನ ಅಂಗಳದಲ್ಲೇ ಎದೆ ಬಡ್ಕೊಂಡು, ಈ ಮುದುಕಿ ಕೊಂದ್ಬುಟ್ಲು ಅಂತಿದ್ರಿ."

ಆಯಮ್ಮ, "ಅಂತಿದ್ದೆ ಅನ್ಸುತ್ತೆ" ಅಂದರು.

ನಾನು ಯಾಕೆ ಬಿಚ್ಚಲಿಲ್ಲ ಅಂತ ಈಗ ದೊಡ್ಡ ಮಾತು ಆಡೋದು ಬೇಡ. ನನ್ನ ಅಂಗಳದಲ್ಲಿ ಹೆಣ ಬೀಳೋದು ನನಗೆ ಬೇಕಿರಲಿಲ್ಲ. ಗೋಡೆ ಆಚೆ ಸೊಪ್ಪಿನವಳಿದ್ದಳು. ಜಗಲಿ ಮೇಲೆ ಹೆಂಡತಿ ಇದ್ದರು. ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಮುಂದೆ ಅವರಿಗೆ ಆ ಮಂಚ ಕಾದಿತ್ತು ಅಂತ ನನಗೇನು ಗೊತ್ತು? ಗೊತ್ತಿದ್ದರೂ ಬಿಚ್ಚುತ್ತಿರಲಿಲ್ಲ.

ಅವರು ಸಾಯೋದಕ್ಕೆ ಸ್ವಲ್ಪ ಮುಂಚೆ ಒಂದು ಸಲ ಗಿಣ್ಣು ತೆಗೆದುಕೊಂಡು ನೋಡೋಕೆ ಹೋಗಿದ್ದೆ. ಬೆಲ್ಲ ಹಾಕದ್ದು. ಮಂಚದ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಮಂಡಕಳ್ಳಿಯಲ್ಲಿ ಹಳೇ ಬಯಲನ್ನು ಕಿತ್ತು ಹೊಸದಾಗಿ ದೊಡ್ಡದಾಗಿ ಮಾಡ್ತಾ ಇದಾರಂತೆ ಅಂದೆ. ಹೂಂ ಅಂದರು. ಸ್ವಲ್ಪ ತಿಂದರು. ಬಟ್ಟಲಿಗೆ ನೀರು ಹಾಕಿಸಿಕೊಂಡು, ತೊಳೆದು ಕುಡಿದರು. ಆಮೇಲೆ ಕೇಳಿದರು:

"ಅಕ್ಕ, ಅವತ್ತು ನನ್ನ ಸನ್ನೆ ಕಾಣಲಿಲ್ವಾ?"

"ಕಾಣ್ತು."

"ಎರಡು ಸಲ ಮಾಡಿದೆ."

"ಎರಡೂ ಕಾಣ್ತು."

ತಲೆ ಆಡಿಸಿದರು. ಬಯ್ಯುತ್ತಾರೇನೋ ಅಂತ ಕಾದೆ. ಬಯ್ದಿದ್ದರೆ ನಾನೂ ಬಯ್ಯುತ್ತಿದ್ದೆ. ಬಯ್ಯಲಿಲ್ಲ. ಕಿಟಕಿ ಕಡೆ ಮುಖ ಮಾಡಿಕೊಂಡೇ, "ಹೊಗೆ ಎಂಗಿತ್ತು?" ಅಂದರು.

"ಕಪ್ಪಗೆ. ಅಂಗಳ ತುಂಬ. ನನ್ನ ಸೀರೆಗೆ ಹಿಡಿದ ಮಸಿ ಎಷ್ಟು ಒಗೆದ್ರೂ ಹೋಗಲಿಲ್ಲ."

"ಇಂಜಿನ್ ಒಂದು ಸಲಾನೂ ತಪ್ಪಲಿಲ್ಲ, ಅಲ್ವಾ?"

"ತಪ್ಪಲಿಲ್ಲ."

"ಹಾಗಾದ್ರೆ ದೊಡ್ಡದೇ ಸರಿ" ಅಂದರು.